ಚಿಕ್ಕ ಬೆಲ್ಟು

ಇಂಜಿನ್ ಆರಿಸಬೇಡಿ ಎಂದು ಕೈಸನ್ನೆ ಮಾಡಿ, ಗ್ಯಾರೇಜಿನ ದೊಡ್ಡ ಮೇಸ್ತ್ರಿ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಆಲ್ಟರ್ನೇಟರಿನ ಮೇಲಿಟ್ಟು, ಹಿಡಿಯನ್ನು ಕಿವಿಗೊತ್ತಿ ಕಣ್ಣು ಮುಚ್ಚಿದ. ಡಾಕ್ಟರ ಸ್ಟೆತಾಸ್ಕೋಪು ಸುಳ್ಳು ಹೇಳೀತು, ಮೇಸ್ತ್ರಿಯ ಕಿವಿ ಹೇಳದು ಎಂದು ಗಿರಾಕಿಗಳೇ ಊರು ತುಂಬ ಹೇಳಿಕೊಂಡು ತಿರುಗುತ್ತಿದ್ದರು. ಮೂವತ್ತು ವರ್ಷದಿಂದ ಮೇಸ್ತ್ರಿಯೂ ಅದನ್ನು ನಂಬಿದ್ದ. ತನ್ನ ಬಗ್ಗೆ ಒಳ್ಳೆಯ ಮಾತು ಬಂದರೆ ಯಾರು ತಾನೇ ಸಾಕ್ಷಿ ಕೇಳುತ್ತಾರೆ?

"ಆಲ್ಟರ್ನೇಟರ್ ಬೇರಿಂಗ್ ಹೋಗಿದೆ," ಎಂದು ತೀರ್ಪು ಕೊಟ್ಟ.

ಕಾರಿನ ಒಡತಿ ಟೀಚರಮ್ಮ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದಳು. ಬಾನೆಟ್ಟಿನೊಳಗಿನ ಕಿರುಚಾಟಕ್ಕೆ ಎದುರಂಗಡಿಯವನೂ ಹೊರಗೆ ಬಂದಿದ್ದ. ನಿನ್ನೆ ಸಂಜೆಯೇ ಕಾರು ಬಿಟ್ಟುಹೋಗಿದ್ದೆ, ಮಧ್ಯಾಹ್ನದೊಳಗೆ ಪಕ್ಕದೂರಿನ ಪರೀಕ್ಷೆ ಕೆಲಸಕ್ಕೆ ಮುಟ್ಟಲೇಬೇಕು ಎಂದು ಅವಳು ಮೂರನೆಯ ಸಲ ಹೇಳಿದಳು. ಮೇಸ್ತ್ರಿಯ ತಮ್ಮ ಎಂದಿನಂತೆ ಅಣ್ಣನ ಮಾತಿಗೆ ಹೂಂಗುಟ್ಟಿ, ಎಸಿ ಕಂಪ್ರೆಸರನ್ನೂ ಒಂದು ಸಲ ಬಿಟ್ಟು ನೋಡೋಣ ಎಂದ. ಹೊಸ ಕಂಪ್ರೆಸರ್ ಬರಲು ವಾರ ಬೇಕು. ಅಲ್ಲಿಯವರೆಗೆ ಅದನ್ನು ತಿರುಗಿಸುವ ಗಾಲಿಯನ್ನು, ಅಂದರೆ ಪುಲ್ಲಿಯನ್ನು, ಮುಟ್ಟದ ಹಾಗೆ ಚಿಕ್ಕ ಬೆಲ್ಟು ಹಾಕಿದರೆ, ಎಸಿ ಇಲ್ಲದಿದ್ದರೂ ಕಾರು ಓಡುತ್ತದೆ ಎಂದು ವಿವರಿಸಿದ.

ಹಳೆಯ ಬೆಲ್ಟು ಬಿಚ್ಚಿ ಚಿಕ್ಕದನ್ನು ಬಿಗಿದ. ಬೆಲ್ಟು ಉಳಿದ ಪುಲ್ಲಿಗಳನ್ನೆಲ್ಲ ಸುತ್ತಿತು. ಕಂಪ್ರೆಸರ್ ಮಾತ್ರ ಕರೆಯದ ನೆಂಟನ ಹಾಗೆ ಬದಿಗೆ ಉಳಿಯಿತು. ಇಂಜಿನ್ ಮತ್ತೆ ಶುರುವಾದಾಗ ಟೀಚರಮ್ಮ ಕಿವಿಯಿಂದ ಕೈ ತೆಗೆದಳು. ಎದುರಂಗಡಿಯವನು ಒಳಗೆ ಹೋದ.

ಮೇಸ್ತ್ರಿ ಮತ್ತೆ ಕಿವಿಗೊಟ್ಟು ಎದ್ದ. "ನೋಡಿದ್ರಾ, ಶಬ್ದ ಹಾಗೇ ಇದೆ. ನಾನು ಆಗ್ಲೇ ಹೇಳ್ಲಿಲ್ವಾ?"

ಟೀಚರಮ್ಮ ತಮ್ಮನ ಮುಖ ನೋಡಿದಳು. ತಮ್ಮ ನೆಲ ನೋಡಿದ. ಮೇಸ್ತ್ರಿಯ ಕಣ್ಣು ಇನ್ನೂ ನೆಟ್ಟಗಿತ್ತು, ಅದೇ ಅವನ ಗ್ರಹಚಾರ. ಟೀಚರಮ್ಮ ಕಾರು ಹತ್ತಿ ಕಿಟಕಿಗಳನ್ನೆಲ್ಲ ಇಳಿಸಿಕೊಂಡು ಹೋದಳು. ಆಮೇಲೆ ಮೇಸ್ತ್ರಿ, ಆ ಬೆಲ್ಟು ತಂದದ್ದು ಯಾವಾಗ ಎಂದು ತಮ್ಮನನ್ನು ಕೇಳಿದ.

"ನಿನ್ನೇನೇ," ಎಂದ ತಮ್ಮ.

"ಮತ್ತೆ ಇವತ್ತು ನನ್ನನ್ಯಾಕೆ ಕರೆದೆ?"

"ಗಿರಾಕಿಗಳು ನಿನ್ನ ಕಿವಿ ನಂಬ್ಕೊಂಡು ಬರ್ತಾರಲ್ಲಣ್ಣ." ತಮ್ಮ ಹತ್ತಿರ ಬಂದು ದನಿ ಏರಿಸಿದ. "ನಿನ್ನ ಕಿವಿ ಮಂದವಾಗಿ ಎರಡು ವರ್ಷ ಆಯ್ತು. ನಿಂಗೆ ಹೇಳ್ಬೇಡ, ಎದೆ ಒಡೆದುಹೋಗುತ್ತೆ ಅಂದಿದ್ದು ಅತ್ತಿಗೆ. ನೀನು ಹೇಳಿದ್ದಕ್ಕೆಲ್ಲ ಹೂಂ ಅಂತೀನಿ. ನೀನು ಊಟಕ್ಕೆ ಹೋದ್ಮೇಲೆ ಸರಿಮಾಡ್ತೀನಿ. ಇವತ್ತು ಟೀಚರಮ್ಮ ಎದುರಿಗೇ ನಿಂತ್ಬಿಟ್ರು."

ಎರಡು ವರ್ಷ. ಮನೆಯವರೆಲ್ಲ ಈಚೆಗೆ ಗಂಟಲು ಹರಿಯುವ ಹಾಗೆ ಮಾತಾಡುತ್ತಾರೆ, ವಯಸ್ಸಾದಂತೆ ಹೆಂಡತಿ ಬಜಾರಿಯಾದಳು ಎಂದು ಮೇಸ್ತ್ರಿ ತಿಳಿದಿದ್ದ. ನನಗೇನು ಕಿವುಡೇ, ಯಾಕೆ ಅರಚುತ್ತೀಯ ಎಂದು ಒಮ್ಮೆ ತಟ್ಟೆ ನೂಕಿ ಎದ್ದೂ ಇದ್ದ. ಅವತ್ತು ಅವಳು ಮರುಮಾತಾಡದೆ ನೆಲ ಒರೆಸಿದ್ದಳು. ಈಗ ಅವನಿಗೆ ಅವಳ ಮೇಲೆ ಕೋಪ ಬಂತು. ಕೋಪಕ್ಕಿಂತ ಹೆಚ್ಚಾಗಿ ನಾಚಿಕೆಯಾಯಿತು.

"ನಂಗೇ ಮೋಸ ಮಾಡಿದ್ರಲ್ಲ," ಎಂದ.

"ನಿಜ ಹೇಳಿ ಮನೇಲಿ ಕೂರಿಸ್ಬೇಕಿತ್ತಾ?"

ಅಷ್ಟರಲ್ಲಿ ಒಂದು ವ್ಯಾನು ಒಳಗೆ ಬಂತು. ಚಾಲಕ ಇಳಿದವನೇ ತಮ್ಮನನ್ನು ದಾಟಿ ನೇರವಾಗಿ ಮೇಸ್ತ್ರಿಯ ಬಳಿ ಬಂದು, ಏನೋ ಶಬ್ದ, ನೀವೇ ಕೇಳಿ ಹೇಳಬೇಕು ಎಂದ. ಬೇರೆ ಕಡೆ ತೋರಿಸಿದರೂ ನಂಬಿಕೆ ಬರಲಿಲ್ಲವಂತೆ.

ತಮ್ಮ ವ್ಯಾನು ಹತ್ತಿ, ಅಂಗಳದಲ್ಲಿ ನಿಧಾನವಾಗಿ ಒಂದು ಸುತ್ತು ಹಾಕಿದ. ಮೇಸ್ತ್ರಿ ಪಕ್ಕದಲ್ಲೇ ಬಗ್ಗಿ ನಡೆದ. ಇಳಿದ ತಮ್ಮ ಚಾಲಕನ ಬೆನ್ನ ಹಿಂದೆ ನಿಂತು, ಕೈ ಒರೆಸಿಕೊಳ್ಳುವವನಂತೆ ಎಡಗೈಯ ಒಂದು ಬೆರಳನ್ನು ಮುಂದಕ್ಕೆ ಚಾಚಿದ.

"ಮುಂದಿನ ಚಕ್ರ, ಎಡಗಡೇದು," ಎಂದ ಮೇಸ್ತ್ರಿ.

ಚಾಲಕ ತಲೆದೂಗಿದ.