ನಲವತ್ತೆರಡು ಮಂದಿ ಬರೆದ ಆಟೋಗ್ರಾಫು

ಬಿಲಾಲನ ಆಟೋಗ್ರಾಫ್ ಪುಸ್ತಕದಲ್ಲಿ ಬರೆಯಲು ನಿಂತವರ ಸಾಲು ಶಾಲೆಯ ಗೇಟು ದಾಟಿ, ಬಸ್ ಸ್ಟ್ಯಾಂಡು ಸುತ್ತಿ, ಮಾವಿನ ಮಂಡಿಯವರೆಗೆ ಹೋಗಿತ್ತು. ಕೋಲಾರದ ಬಸ್ಸುಗಳು ಮೂರು ಗಂಟೆ ನಿಂತಲ್ಲೇ ನಿಂತವು. ಕೊನೆಗೆ ಹೆಡ್ಮಾಸ್ಟರೇ ಸಾಲಿಗೆ ಬಂದು, "ಆಂಜಪ್ಪಾ, ನನಗೂ ಅರ್ಧ ಪುಟ ಉಳಿಸಪ್ಪಾ" ಎಂದು ಕೈಮುಗಿದರು.

ಇಷ್ಟನ್ನೂ ಆಂಜಿ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಎರಡು ಹನಿ ಬಿದ್ದರೆ ಕೆರೆ ಕೋಡಿ ಹರಿಯಿತು ಎನ್ನುವ ಬಾಯಿ ಅವನದು. ಶ್ರೀನಿವಾಸಪುರದ ಆ ಶಾಲೆಯ ಹತ್ತನೇ ಕ್ಲಾಸಿನಲ್ಲಿ ಅವನನ್ನು ನಂಬುತ್ತಿದ್ದವನು ಒಬ್ಬನೇ, ಅದೇ ಬೆಂಚಿನ ಬಿಲಾಲ್.

ಬಿಲಾಲನಿಗೆ ಮೈಮೇಲೆ ಅಮ್ಮ ಎದ್ದು, ಸೀತಾಳೆ ಸಿಡುಬಿನ ಗುಳ್ಳೆಗಳಿಂದ ಹದಿನೆಂಟು ದಿನ ಶಾಲೆ ತಪ್ಪಿತ್ತು. ಬೀಳ್ಕೊಡುಗೆ ಸಮಾರಂಭ, ಗ್ರೂಪ್ ಫೋಟೋ, ಒಬ್ಬರ ಪುಸ್ತಕದಲ್ಲಿ ಇನ್ನೊಬ್ಬರು ಬರೆಯುವ ಗಲಾಟೆ, ಎಲ್ಲವೂ ಅವನಿಲ್ಲದೆ ನಡೆದುಹೋಗಿತ್ತು. ಮೊದಲೇ ಹಾಜರಿ ಕೂಗಿದಾಗ ಮಾತ್ರ ನೆನಪಾಗುವ ಹುಡುಗ. "ಯಾರಾದ್ರೂ ನನ್ನ ಕೇಳಿದ್ರೇನೋ?" ಎಂದು ಕಿಟಕಿಯಿಂದ ಕೇಳಿದಾಗ ಆಂಜಿ ಎದೆ ತಟ್ಟಿಕೊಂಡು ಪುಸ್ತಕ ಕೇಳಿ ಪಡೆದು ಒಯ್ದಿದ್ದ. ಇವತ್ತು ತಂದಿದ್ದ, ನಲವತ್ತೆರಡು ಪುಟ ತುಂಬಿಸಿ.

ಈಗ ಬಿಲಾಲನ ಮೈಮೇಲಿನ ಗುಳ್ಳೆಗಳೆಲ್ಲ ಒಣಗಿದ್ದವು. ಅವನ ಅಕ್ಕ ಕೌಸರ್ ಮಂಚದ ಮೇಲೆ ಕೂತು ಓದುತ್ತಿದ್ದಳು. "ಮಾವಿನಕಾಯಿಗೆ ಉಪ್ಪು ಖಾರ, ಬಿಲಾಲಿಲ್ಲದ ಕ್ಲಾಸು ಬೇಜಾರ. ಇಂತಿ ಮೌನಿಕಾ."

"ಮೌನಿಕಾನಾ? ನನ್ನ ಹೆಸರು ಅವಳಿಗೆ ಗೊತ್ತಾ?" ಬಿಲಾಲನ ಮುಖ ಹಬ್ಬದ ದಿನದಂತಾಯಿತು.

"ಬರೀವಾಗ ಅತ್ಲು ಕಣೋ. ಒಂದು ಚೊಂಬು ಕಣ್ಣೀರು."

ಕೌಸರ್ ಮುಂದೆ ಓದಿದಳು. "'ಬಿಲಾಲ್, ನೀನು ಅದೃಷ್ಟವಂತ. ಆಂಜಿಯಂಥ ಧೀರನ ಪಕ್ಕ ಕೂತಿದ್ದೀಯ.' ಇದು ಮುರಳಿಮೋಹನ್." ಪುಟ ತಿರುಗಿಸಿದಳು. "'ಗಣಿತದಲ್ಲಿ ನೀನು, ಕಬಡ್ಡಿಯಲ್ಲಿ ಆಂಜಿ, ನಮ್ಮ ಶಾಲೆಯ ಎರಡು ಕಣ್ಣು.' ಇದು ಜುಬೇರ್." ಇನ್ನೊಂದು ಪುಟ. ಮತ್ತೊಂದು. ಅವಳ ಹುಬ್ಬು ಮೇಲೇರಿತು. "ಏನೋ ಆಂಜಿ, ಪುಸ್ತಕ ನಮ್ಮ ಬಿಲಾಲಂದು, ಹೊಗಳಿಕೆ ಎಲ್ಲಾ ನಿಂದೇ ಅಲ್ಲೇನೋ?"

"ಜನರ ಅಭಿಮಾನ ಅಕ್ಕ. ನಾನು ಬೇಡ ಅಂದೆ."

"ಇದು ಕೇಳು. 'ಚೆನ್ನಾಗಿ ಓದು. ಶಿಸ್ತನ್ನು ಆಂಜಿಯನ್ನು ನೋಡಿ ಕಲಿ. ಇಂತಿ ವಿಜ್ಞಾನದ ಟೀಚರ್ ಶ್ಯಾಮಲಮ್ಮ.'"

ಬಿಲಾಲ್ ತಲೆ ಎತ್ತಿದ. "ಶ್ಯಾಮಲಮ್ಮ ಮೇಡಂ? ವರ್ಷ ಪೂರ್ತಿ ನಿನ್ನ ಬಾಗಿಲ ಹೊರಗೆ ನಿಲ್ಸಿದ್ದೋರು?"

ಆಂಜಿ ಪುಸ್ತಕ ಮುಚ್ಚಲು ಕೈ ಚಾಚಿದ.

"ಎಲ್ಲಾ ನೀನೇ ಬರ್ದಿದ್ದಾ?" ಬಿಲಾಲ್ ಮೆಲ್ಲಗೆ ಕೇಳಿದ. "ಯಾರೂ ಬರೀಲಿಲ್ವಾ?"

"ಹಂಗಲ್ಲ ಕಣೋ. ಅಮ್ಮ ಎದ್ದಿರೋ ಮನೆಯಿಂದ ಬಂದಿರೋ ಪುಸ್ತಕ ಅಂತ ಯಾರೂ ಮುಟ್ಲಿಲ್ಲ. ಪರೀಕ್ಷೆ ಹತ್ರ ಬಂತಲ್ಲ, ಹೆದರಿದ್ರು. ಮೌನಿಕಾ ಅಂತೂ ಬೆಂಚು ಹಾರಿ ಓಡಿದ್ಲು. ನಿನ್ನ ಮೇಲೆ ಕೋಪ ಏನಿಲ್ಲ." ಆಂಜಿ ನೆಲ ನೋಡಿದ. "ನಾಲ್ಕು ಬಣ್ಣದ ಪೆನ್ನು ತಗೊಂಡು ಬರ್ದೆ. ಅರ್ಧ ಎಡಗೈಲಿ."

"ನಿಂಗೆ ಹೆದ್ರಿಕೆ ಆಗ್ಲಿಲ್ವಾ?" ಎಂದಳು ಕೌಸರ್.

"ನಂಗಾ? ಸಿಂಹಾನೇ..." ಎಂದು ಶುರು ಮಾಡಿದವನು ನಿಲ್ಲಿಸಿದ. "ಹೆದ್ರಿಕೆ ಆಯ್ತು ಅಕ್ಕ. ನಮ್ಮಜ್ಜಿ ದೊಡ್ಡಗಂಗಮ್ಮ ಪುಸ್ತಕಾನ ಮನೆಯೊಳಗೆ ಬಿಡ್ಲಿಲ್ಲ. ಬೇವಿನ ಸೊಪ್ಪಲ್ಲಿ ಸುತ್ತಿ ಮೂರು ದಿನ ಬಿಸಿಲಿಗೆ ಒಣಗಿಸಿದ್ಲು. ಆಮೇಲೂ ಮೊದಲ್ನೇ ಪುಟ ಕೈಗೆ ಪ್ಲಾಸ್ಟಿಕ್ ಕವರ್ ಹಾಕ್ಕೊಂಡೇ ಬರ್ದೆ."

ಬಿಲಾಲ್ ಮೊದಲು ತುಟಿ ಕಚ್ಚಿದ, ಆಮೇಲೆ ತಡೆಯಲಾರದೆ ನಕ್ಕ. ನಕ್ಕು ನಕ್ಕು ಒಣಗಿದ ಗುಳ್ಳೆಗಳೆಲ್ಲ ತುರಿಸತೊಡಗಿದವು. ಪುಸ್ತಕ ಎಳೆದುಕೊಂಡು ಕೊನೆಯವರೆಗೂ ತಿರುವಿ ನೋಡಿದ.

"ಲೇ, ನಿಂದೆಲ್ಲೋ?"

"ಬರೀಲಿಲ್ಲ. ಅವರ ಹೆಸರಲ್ಲಾದ್ರೆ ಕೈ ಓಡ್ತಿತ್ತು. ನನ್ನ ಹೆಸರು ಹಾಕೋಕೆ ಹೋದ್ರೆ ಏನೂ ಹೊಳೀಲಿಲ್ಲ."

ಬಿಲಾಲ್ ಖಾಲಿ ಪುಟ ತೆಗೆದು ಪೆನ್ನು ಕೊಟ್ಟ. ಆಂಜಿ ಬಹಳ ಹೊತ್ತು ಕ್ಯಾಪು ಕಚ್ಚುತ್ತಾ ಕೂತ. ಕೊನೆಗೆ ಬಲಗೈಯಲ್ಲಿ, ತನ್ನದೇ ವಕ್ರ ಅಕ್ಷರದಲ್ಲಿ ಬರೆದ: 'ನೀನಿಲ್ಲದೆ ಹದಿನೆಂಟು ದಿನ ಬೆಂಚಿನಲ್ಲಿ ಒಬ್ಬನೇ ಕೂತಿದ್ದೆ. ಚೆನ್ನಾಗಿರಲಿಲ್ಲ.'

ಬಿಲಾಲ್ ಎರಡು ಸಲ ಓದಿದ. "ಇದು ನಿಜಾನಾ?"

ಆಂಜಿ ಕಿವಿ ತುರಿಸಿಕೊಂಡ. "ಹದಿನಾರು ಕಣೋ. ಎರಡು ದಿನ ನಾನೂ ಸ್ಕೂಲಿಗೆ ಚಕ್ಕರ್."