ಒಂದು ತಲೆ, ಇಬ್ಬರು ಅವ್ವಂದಿರು

ಕಮಲಾಪುರದಲ್ಲಿ ಅಮೇರಿಕಾ ಉಚ್ಚೆಂಗಪ್ಪನ ಮನೆ ಎಲ್ಲಿ ಅಂತ ಕೇಳಿದರೆ ಮೂರು ವರ್ಷದ ಕೂಸೂ ಬೆರಳು ಮಾಡಿ ತೋರಿಸುತ್ತಿತ್ತು. ಹಾಗಂತ ಅವನು ಅಮೇರಿಕದಲ್ಲಿ ಇದ್ದದ್ದು ಎಷ್ಟು ದಿನ ಅಂತೀರಿ? ಆರೇ ಆರು ತಿಂಗಳು. ಅರವತ್ತಾರನೇ ಇಸವಿಯಲ್ಲಿ ಯುವ ರೈತರನ್ನು ಆ ದೇಶದಿಂದ ಈ ದೇಶಕ್ಕೆ, ಈ ದೇಶದಿಂದ ಆ ದೇಶಕ್ಕೆ ಅದಲು ಬದಲು ಮಾಡುವ ಯೋಜನೆ ಒಂದು ಬಂದಿತ್ತು. ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು, ಸ್ವಂತ ಕಬ್ಬಿನ ಹೊಲ ಇರಬೇಕು, ಮದುವೆ ಆಗಿರಬಾರದು ಅಂತ ಮೂರು ಷರತ್ತು. ಮೂರೂ ಇದ್ದವನು ಸುತ್ತಮುತ್ತ ಇವನೊಬ್ಬನೇ. ವಿಮಾನ ಹತ್ತಿಸಿ ಕಳಿಸಿದರು, ನೆಬ್ರಾಸ್ಕಾ ಅನ್ನುವ ಸೀಮೆಯಲ್ಲಿ ಇಳಿಸಿಕೊಂಡರು. ಇಳಿದು ನೋಡಿದರೆ ಅಲ್ಲಿ ಇದ್ದದ್ದೇನು? ಒಂದು ಕಾಲುವೆ, ಕಾಲುವೆ ಪಕ್ಕ ಹೊಲ, ಹೊಲದ ತುಂಬ ಸಕ್ಕರೆ ಮಾಡುವ ಬೀಟ್‌ರೂಟು. ಸಮುದ್ರ ದಾಟಿ ಹೋಗಿ ಕಾಲುವಿ ನೋಡಿ ಬಂದ ಮೂಳ ಅಂತ ಅವನ ಅವ್ವ ಊರಮ್ಮ ಇಪ್ಪತ್ತು ವರ್ಷ ಆಡಿಕೊಂಡಳು.

ತಿರುಗಿ ಬಂದ ಮೇಲೆ ಅವನ ಬಾಳು ಏನು ಬದಲಾಯಿತು ಅಂದರೆ, ಒಂದು ಟೊಪ್ಪಿಗೆ ಬಂತು, ಒಂದು ಹೆಸರು ಬಂತು. ತಂದ ಬೀಟ್‌ರೂಟು ಬೀಜ ಹುಟ್ಟಲಿಲ್ಲ. ಟಿ.ಬಿ. ಡ್ಯಾಂನಲ್ಲಿ ಕೃಷಿ ಮೇಳ ಆದಾಗೆಲ್ಲ ಜೀಪು ಕಳಿಸಿ ಕರೆಸುತ್ತಿದ್ದರು, ಹಾರ ಹಾಕಿ ಮೈಕು ಕೊಡುತ್ತಿದ್ದರು. ಅವನು ಟ್ರ್ಯಾಕ್ಟರಿನ ಬಗ್ಗೆ, ಮಣ್ಣು ಪರೀಕ್ಷೆಯ ಬಗ್ಗೆ ಹೇಳುತ್ತಿದ್ದ. ಜನ ಕೊನೆತನಕ ಕೇಳಿ, 'ಅಲ್ಲಿ ಉಣ್ಣಾಕ ಏನ್ ಹಾಕತಿದ್ರು?' ಅಂತ ಒಂದೇ ಪ್ರಶ್ನೆ ಕೇಳುತ್ತಿದ್ದರು. ಮೆಕ್ಕೆಜೋಳ ಕುದಿಸಿ ಹಾಕುತ್ತಿದ್ದರು ಅಂತ ಇಪ್ಪತ್ತು ವರ್ಷ ಉತ್ತರ ಕೊಟ್ಟ.

ಹಾಕುತ್ತಿದ್ದವಳು ಎಡ್ನಾ. ಅವನು ಇದ್ದ ಮನೆಯ ಯಜಮಾನಿ. ಯೋಜನೆಯವರು ಕೊಟ್ಟ ಪುಸ್ತಕದಲ್ಲಿ, ಮನೆಯ ಹಿರಿಯರನ್ನು ತಾಯಿ ತಂದೆ ಅಂತಲೇ ಕರೆಯತಕ್ಕದ್ದು ಅಂತ ನಿಯಮ ಇತ್ತು. ಉಚ್ಚೆಂಗಪ್ಪ ನಿಯಮ ಮುರಿಯುವವನಲ್ಲ. ಆಕೆಯನ್ನು ಬಾಯಿ ತುಂಬ ಅವ್ವ ಅಂದ. ಆಕೆ, ಆಕೆಯ ಗಂಡ, ನಡುವೆ ಟೊಪ್ಪಿಗೆ ಹಾಕಿದ ಇವನು, ಹೀಗೊಂದು ಫೋಟೋ ಕಟ್ಟು ಹಾಕಿಸಿ ಪಡಸಾಲೆಯಲ್ಲಿ ತೂಗುಹಾಕಿದ. ಊರಮ್ಮ ಮರುದಿನವೇ ಅದೇ ಮೊಳೆಗೆ ಜೋಳ ಕೇರುವ ಮೊರ ನೇತುಹಾಕಿದಳು. ಕೇರಬೇಕಾದಾಗ ಮೊರ ಕೆಳಗಿಳಿಯುತ್ತಿತ್ತು, ಎಡ್ನಾ ಒಂದು ಗಳಿಗೆ ಗಾಳಿ ಕುಡಿಯುತ್ತಿದ್ದಳು, ಮತ್ತೆ ಮರೆಯಾಗುತ್ತಿದ್ದಳು. ಊರಮ್ಮನ ಬಾಯಲ್ಲಿ ಎಡ್ನಾ ಅನ್ನುವ ಹೆಸರು ಒಂದು ದಿನವೂ ಬರಲಿಲ್ಲ. 'ಆಕಿ' ಅನ್ನುತ್ತಿದ್ದಳು, ಅಷ್ಟೆ.

ಎಂಬತ್ತಾರನೇ ಇಸವಿ, ಕಬ್ಬು ಕಡಿಯುವ ಹೊತ್ತಿನಲ್ಲಿ ಎಡ್ನಾಳ ಮಗಳಿಂದ ಕಾಗದ ಬಂತು. ಅವ್ವ ಹೋಗಿ ಹತ್ತೊಂಬತ್ತು ದಿನ ಆಯಿತು, ಮೂರನೇ ದಿನ ಪ್ರಾರ್ಥನೆ ಮಾಡಿದೆವು, ಬಂದವರೆಲ್ಲ ಆಲೂಗಡ್ಡೆ ತಿಂದರು, ಸೋಮವಾರ ನಾವು ಕೆಲಸಕ್ಕೆ ಹೋದೆವು ಅಂತ ಬರೆದಿತ್ತು. ಮುಂದೇನು ಮಾಡಿದರು ಅಂತ ಉಚ್ಚೆಂಗಪ್ಪ ಹಾಳೆ ತಿರುಗಿಸಿ ನೋಡಿದ. ಹಿಂದೆ ಏನೂ ಇರಲಿಲ್ಲ. ಗಂಡ ಮೊದಲೇ ಹೋಗಿದ್ದ, ಇದ್ದವರು ಇಬ್ಬರು ಹೆಣ್ಣುಮಕ್ಕಳು, ಗಂಡುಮಗ ಇಲ್ಲ. ಅಲ್ಲರೀ, ಅಂಥಾ ಹೆಂಗಸಿನ ಹೆಸರಲ್ಲಿ ತಲೆ ಬೋಳಿಸಿಕೊಳ್ಳುವವರೇ ಇಲ್ಲವೆ? ಅವನಿಗೆ ಸಂಕಟ ಆಯಿತು. ಎರಡು ದಿನ ಅನ್ನ ಸೇರಲಿಲ್ಲ. ಅವ್ವನಿಗೆ ಹೇಳಲು ಧೈರ್ಯ ಸಾಲಲಿಲ್ಲ, ಹೆಂಡತಿ ವಿರುಪಮ್ಮನಿಗೆ ಹೇಳಿದರೆ ಅವ್ವನಿಗೆ ಹೇಳಿದ ಹಾಗೇ. ಮೂರನೇ ದಿನ ಬೆಳಿಗ್ಗೆ ಎದ್ದವನೇ ಬಸ್‌ಸ್ಟ್ಯಾಂಡಿನ ಹತ್ತಿರ ಹುಸೇನಪ್ಪನ ಕ್ಷೌರದ ಅಂಗಡಿಗೆ ಹೋಗಿ ಕುರ್ಚಿಯಲ್ಲಿ ಕೂತ.

'ಬೋಳಸು. ಮೀಸಿನೂ ತಗಿ,' ಅಂದ.

ಹುಸೇನಪ್ಪ ಕತ್ತರಿ ಕೆಳಗಿಟ್ಟು ರೇಡಿಯೋ ಬಂದ್ ಮಾಡಿದ. ಮೀಸೆಯೂ ಹೋಗುತ್ತದೆ ಅಂದರೆ ಅರ್ಥ ಏನು ಅಂತ ಆ ಸೀಮೆಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ಉಚ್ಚೆಂಗಪ್ಪನಿಗೆ ಅಪ್ಪ ಇಲ್ಲದೆ ಎಷ್ಟೋ ವರ್ಷ. ಉಳಿದವಳು ಊರಮ್ಮ, ಎಪ್ಪತ್ತು ದಾಟಿದವಳು, ಆ ವರ್ಷವೇ ದಮ್ಮು ಹೆಚ್ಚಾಗಿ ಮೂರು ಸಲ ಹೊಸಪೇಟೆ ದವಾಖಾನೆ ಕಂಡು ಬಂದವಳು. ದುಃಖದಲ್ಲಿ ಇರುವವನನ್ನು ಕೆದಕಬಾರದು ಅಂತ ಹುಸೇನಪ್ಪ ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ.

ಬೋಳಿಸಿಕೊಂಡು ಉಚ್ಚೆಂಗಪ್ಪ ಕಾಲುವೆಗೆ ಹೋಗಿ ಮೂರು ಮುಳುಗು ಹಾಕಿದ. ಯಾವ ದಿಕ್ಕಿಗೆ ಮುಖ ಮಾಡಬೇಕು ಅಂತ ಯೋಚನೆ ಬಂತು. ಹಿರಿಯರಿಗೆ ದಕ್ಷಿಣ. ಆದರೆ ಅಮೇರಿಕ ಕಾಲ ಕೆಳಗೆ ಬರುತ್ತದೆ ಅಂತ ಸಾಲೆಯಲ್ಲಿ ಮಾಸ್ತರು ಹೇಳಿದ್ದರು. ಅದಕ್ಕೆ ತಲೆ ಬಗ್ಗಿಸಿ ಕಾಲ ಕಡೆ ನೋಡಿ, ಬೊಗಸೆ ನೀರು ಬಿಟ್ಟು, 'ಎಡ್ನವ್ವ, ಇಷ್ಟಾ ನನ್ನ ಕೈಲಾದದ್ದು,' ಅಂದ. ಕಣ್ಣು ತುಂಬಿ ಬಂತು. ಅವ್ವನ ಮುಂದೆ ನಿಲ್ಲುವ ಭಯಕ್ಕೆ ಮನೆಗೆ ಹೋಗದೆ ಕಬ್ಬಿನ ಹೊಲದ ಬದುವಿನ ಮೇಲೆ ಮಧ್ಯಾಹ್ನದ ತನಕ ಕೂತ.

ಇತ್ತ ಊರು ಸುಮ್ಮನಿರುತ್ತದೆಯೆ? ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ. ಅಂಗಡಿಯಿಂದ ಇಳಿದ ಬೋಳುತಲೆಯನ್ನು ಎದುರು ಹೋಟೆಲಿನ ದುರುಗಣ್ಣ ನೋಡಿದ, 'ಅಯ್ಯೋ ಊರಮ್ಮ ಹೋದಳು' ಅಂದ, ಒಲೆ ಆರಿಸಿದ. ಗಾದಿಗನೂರಿಗೆ ಕೊಟ್ಟ ಉಚ್ಚೆಂಗಪ್ಪನ ಅಕ್ಕ ತಿಪ್ಪಕ್ಕನಿಗೆ ಬಸ್ ಕಂಡಕ್ಟರ್ ಕೈಲಿ ಸುದ್ದಿ ಮುಟ್ಟಿಸಿದ. ಹೆಣ ಎತ್ತುವ ಮುಂಚೆ ಮಗ ತಲೆ ಯಾಕೆ ಬೋಳಿಸಿದ ಅಂತ ಯಾರೋ ಕೇಳಿದ್ದಕ್ಕೆ, 'ಅವ ಅಮೇರಿಕಾ ನೋಡ್ಯಾನ, ಎಲ್ಲಾ ಅಡ್ವಾನ್ಸು,' ಅಂದ. ಹಾರ ಹಿಡಿದುಕೊಂಡು, ಹಿಂದೆ ಇಪ್ಪತ್ತು ಜನ ಕಟ್ಟಿಕೊಂಡು ಹೊರಟ.

ಉಚ್ಚೆಂಗಪ್ಪ ಮನೆ ಹತ್ತಿರ ಬಂದಾಗ ಬಾಗಿಲ ಮುಂದೆ ಜಾತ್ರೆ ನೆರೆದಿತ್ತು. ಊರಮ್ಮ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು. ಪಕ್ಕದಲ್ಲಿ ದುರುಗಣ್ಣ ತಂದ ಹಾರ ಇತ್ತು. ಮಗನ ತಲೆ ನೋಡಿದಳು, ಮೀಸೆ ಇಲ್ಲದ ಮೂತಿ ನೋಡಿದಳು. ಅವನು ಬಾಯಿ ತೆರೆಯಬೇಕು, ಅಷ್ಟರಲ್ಲಿ ಓಣಿಯ ತುದಿಯಿಂದ ಎದೆ ಬಡಿದುಕೊಳ್ಳುವ ಸದ್ದು ಬಂತು. ತಿಪ್ಪಕ್ಕ ಬಸ್ಸಿಳಿದಿದ್ದಳು.

'ನನ ಹಡೆದವ್ವಾ! ಬಂಗಾರದಂಥಾಕಿ! ಎದುರು ಮಾತಾಡಿದಾಕಿ ಅಲ್ಲಲ್ಲವ್ವಾ!'

ಅಡ್ಡ ಬಂದ ದುರುಗಣ್ಣನನ್ನು ಊರಮ್ಮ ಕೈಸನ್ನೆಯಿಂದ ತಡೆದಳು. ಸತ್ತ ಮೇಲೆ ಕೇಳುವ ಮಾತನ್ನು ಜೀವ ಇದ್ದಾಗ ಕೇಳುವ ಭಾಗ್ಯ ಎಷ್ಟು ಜನಕ್ಕೆ ಸಿಗುತ್ತದೆ? ಸೆರಗು ಮುಖದ ಮೇಲೆ ಹಾಕಿಕೊಂಡ ತಿಪ್ಪಕ್ಕ ಅಳುತ್ತಲೇ ಬಂದಳು. 'ಸೊಂಟದ ಡಾಬು ನಿನಗಾ ಅಂತ ಹೇಳಿದ್ದೆಲ್ಲವ್ವಾ, ಯಾರ ಕೈಯಾಗ ಕೊಟ್ಟು ಹೋದೆವ್ವಾ!'

'ಯಾವಾಗ ಹೇಳಿದ್ನೇ?' ಅಂದಳು ಊರಮ್ಮ.

ತಿಪ್ಪಕ್ಕ ಸೆರಗು ತೆಗೆದಳು, ನೋಡಿದಳು, ಅಲ್ಲೇ ಕುಸಿದಳು. ವಿರುಪಮ್ಮ ನೀರು ಚಿಮುಕಿಸಿ ಎಬ್ಬಿಸಿದಳು. ಎದ್ದವಳು ಅವ್ವ ಬದುಕಿದ್ದಾಳೆ ಅಂತ ಮತ್ತೊಂದು ಸುತ್ತು ಅತ್ತಳು, ಈ ಸಲ ಡಾಬಿನ ಮಾತು ಬರಲಿಲ್ಲ.

ಗದ್ದಲ ಇಳಿದ ಮೇಲೆ ಊರಮ್ಮ ಮಗನ ಕಡೆ ತಿರುಗಿದಳು. 'ಯಾರು ಸತ್ರಪ್ಪಾ?'

'ಅಮೇರಿಕದಾಕಿ, ಅವ್ವ. ಎಡ್ನಾ.'

ಊರಮ್ಮ ಹುಣಸೆಹಣ್ಣಿನ ಪುಟ್ಟಿ ಪಕ್ಕಕ್ಕಿಟ್ಟಳು. ಬೈಯುತ್ತಾಳೆ ಅಂತ ಅವನು ಕಾದ. ಬೈಯಲಿಲ್ಲ, ಅದಕ್ಕೇ ಅವನ ಎದೆ ಒಡೆಯಿತು. ಸಣ್ಣ ದನಿಯಲ್ಲಿ ಅಂದಳು: 'ಹೊಲ ನಿನಗ ಕೊಟ್ಟೆ. ಮನಿ ನಿನಗ ಕೊಟ್ಟೆ. ನಾ ಸತ್ತಾಗ ನನ್ನ ಪಾಲಿಗೆ ಅಂತ ಬರೋದು ನಿನ್ನದೊಂದು ತಲಿ, ನಾಲ್ಕು ಕೂದಲು. ಅದನ್ನೂ ಆಕಿಗೆ ಕೊಟ್ಟು ಬಂದಿ. ನಾಳೆ ನನ್ನ ದಮ್ಮು ನಿಂತರ ಬೋಳುತಲಿ ಮ್ಯಾಲೆ ಏನ್ ಬೋಳಸ್ತೀಯೋ ಮಗನಾ?'

'ಸುಮ್ನ ಕತ್ತಿ ಮುಟ್ಟಿಸಿದ್ರೂ ನಡೀತೈತಿ ಬಿಡವ್ವಾ, ಶಾಸ್ತ್ರಕ್ಕ,' ಅಂದ ದುರುಗಣ್ಣ.

'ನಿಮ್ಮವ್ವಗ ಮುಟ್ಟಿಸ್ಕೋ ಹೋಗಲೇ,' ಅಂದಳು ಊರಮ್ಮ.

ಉಚ್ಚೆಂಗಪ್ಪ ಕಟ್ಟೆಯ ಕೆಳಗೆ ಅವಳ ಕಾಲ ಹತ್ತಿರ ಕುಕ್ಕರುಗಾಲಲ್ಲಿ ಕೂತ. ಇಪ್ಪತ್ತು ವರ್ಷದಲ್ಲಿ ಮೈಕಿನ ಮುಂದೆ ಎಷ್ಟೋ ಹೇಳಿದ್ದ, ಒಂದು ಮಾತು ಮಾತ್ರ ಹೇಳಿರಲಿಲ್ಲ. ಹೇಳಿದರೆ ಊರು ನಗುತ್ತದೆ ಅಂತ ಗೊತ್ತಿತ್ತು. ಊರೆಲ್ಲ ಅಲ್ಲೇ ನಿಂತಿತ್ತು. ಹಾಳಾಗಿ ಹೋಗಲಿ ಅಂತ ಬಾಯಿ ಬಿಟ್ಟ.

'ಅವ್ವ, ಆಕಿ ನನ್ನ ತೂಗತಿದ್ಲು.'

'ಏನ್ ಮಾಡತಿದ್ಲು?'

'ಶನಿವಾರಕ್ಕೊಮ್ಮೆ ತಕ್ಕಡ್ಯಾಗ ನಿಲ್ಲಿಸಿ ತೂಗತಿದ್ಲು. ಅವರ ಮನ್ಯಾಗ ಒಂದಾ ತಕ್ಕಡಿ ಇತ್ತು.' ಅವನು ದನಿ ತಗ್ಗಿಸಿದ. 'ಹಂದಿ ತೂಗೋದು.'

ಹಿಂದೆ ಯಾರೋ ಕಿಸಕ್ ಅಂದರು. ದುರುಗಣ್ಣ ಕೆಮ್ಮಿದ ಹಾಗೆ ಮಾಡಿ ಮುಖ ತಿರುಗಿಸಿದ. ಉಚ್ಚೆಂಗಪ್ಪನ ಕಿವಿ ಕೆಂಪಾದವು. ಆದರೂ ಮುಂದುವರಿಸಿದ.

'ಹೋದಾಗ ಐವತ್ತೊಂದು ಕಿಲೋ ಇದ್ದೆ. ಗ್ವಾಡಿ ಮ್ಯಾಲೆ ಗೀಟು ಹಾಕಿ ಬರದಿಟ್ಟಳು. ಎರಡನೇ ತಿಂಗಳು ನನಗ ನಿನ್ನ ನೆನಪಾಗಿ ಊಟ ಸೇರಲಿಲ್ಲ, ಎರಡು ಕಿಲೋ ಇಳಿದೆ. ಆಕಿ ತಕ್ಕಡಿ ಮುಂದಾ ಕುಂತು ಅತ್ತಳವ್ವ. ಇವರವ್ವ ಐವತ್ತೊಂದು ಕಿಲೋ ಕಳಿಸ್ಯಾಳ, ನಾ ಕಮ್ಮಿ ಮಾಡಿ ತಿರುಗಿ ಕಳಿಸಿದ್ರ ಆ ತಾಯಿಗೆ ಹೆಂಗ ಮುಖ ತೋರಿಸ್ಲಿ ಅಂದ್ಲು. ಆವತ್ತಿಂದ ತಾನಾ ಮುಂದ ಕುಂತು ಉಣ್ಣಿಸಿದ್ಲು. ನಾ ಬೆಣ್ಣಿ ಬ್ಯಾಡ ಅಂದ್ರ, ನಿಮ್ಮವ್ವನ ಆಣಿ ಅಂತಿದ್ಲು. ಬರೋವಾಗ ಐವತ್ತೆಂಟು ಇದ್ದೆ.'

ಊರಮ್ಮನಿಗೆ ನೆನಪಿತ್ತು. ಮಗ ಬಸ್ಸಿಳಿದಾಗ ಕೆನ್ನೆ ತುಂಬಿಕೊಂಡು ಬಂದಿದ್ದ. ನನ್ನ ಕೈಯೂಟದಲ್ಲಿ ಬರದ ಮೈ ಆಕೆಯ ಕೈಯೂಟದಲ್ಲಿ ಬಂತಲ್ಲ ಅಂತಲೇ ಫೋಟೋದ ಮೇಲೆ ಮೊರ ನೇತುಹಾಕಿದ್ದು. ಈಗ ಮಗನ ಮುಖ ನೋಡಿದಳು. ದಮ್ಮು ಸುಯ್ ಅನ್ನುತ್ತಿತ್ತು.

'ನನಗ ಅಂಜತಿದ್ಲಾ ಆಕಿ?' ಅಂದಳು ಕೊನೆಗೆ.

'ಭಾಳ ಅಂಜತಿದ್ಲು.'

'ಅಷ್ಟು ದೂರದಾಗ ಕುಂತು?'

'ಹೌದವ್ವ.'

'ಅದಾ ಮತ್ತ,' ಅಂದಳು ಊರಮ್ಮ, ಜನರ ಕಡೆ ಒಮ್ಮೆ ನೋಡಿ. ಸ್ವಂತ ಸೊಸೆ ಅಂಜದ ಕಾಲದಲ್ಲಿ ಸಮುದ್ರದಾಚೆ ಒಬ್ಬಳು ಅಂಜಿದ್ದಳು. ಸೆರಗಿನಿಂದ ಮೂಗು ಒರೆಸಿಕೊಂಡಳು. ಒರೆಸಿಕೊಂಡದ್ದು ಮೂಗನ್ನೇ ಅಲ್ಲ ಅಂತ ಉಚ್ಚೆಂಗಪ್ಪನಿಗೆ ಕಂಡಿತು. 'ಇದನ್ನ ಇಪ್ಪತ್ತು ವರ್ಷ ಯಾಕ ಮುಚ್ಚಿಟ್ಟೆಲೇ, ಹಾಟ್ಯಾ? ಬರೀ ಟ್ರ್ಯಾಕ್ಟರ್ ಟ್ರ್ಯಾಕ್ಟರ್ ಅಂದಿ.'

'ಹಂದಿ ತಕ್ಕಡಿ, ಅವ್ವ,' ಅಂದ ಅವನು.

ಊರಮ್ಮ ಎದ್ದು ಒಳಗೆ ಹೋಗಿ ಮೊಳೆಯಿಂದ ಮೊರ ಇಳಿಸಿದಳು. ಸೆರಗಿನ ತುದಿಯಿಂದ ಫೋಟೋದ ಗಾಜು ಒರೆಸಿದಳು. ತಂದ ಹಾರ ಕೆಡಬಾರದು ಅಂತ ಅದನ್ನೇ ತರಿಸಿ ಹಾಕಿಸಿದಳು. ಆಕೆಯ ಗಂಡನೂ ಸತ್ತಿದ್ದರಿಂದ ಅವನಿಗೂ ಆಯಿತು. ಹಾರ ದೊಡ್ಡದು, ನಡುವೆ ನಿಂತ ಉಚ್ಚೆಂಗಪ್ಪನ ಮುಖಕ್ಕೆ ಮಾತ್ರ ಹೂ ತಾಗದ ಹಾಗೆ ದಾರ ಎತ್ತಿ ಕಟ್ಟಿಸಿದಳು.

'ಎಡ್ನವ್ವಗ ಏನ್ ಸೇರತಿತ್ತು?' ಅಂತ ಕೇಳಿದಳು. ಹೆಸರು ಹಿಡಿದದ್ದು ಅದೇ ಮೊದಲು.

'ಕಾಫಿ. ಹಾಲಿಲ್ಲ, ಸಕ್ರಿ ಇಲ್ಲ.'

'ಸಕ್ರಿ ಬೆಳೆಯೋಳು ಸಕ್ರಿ ಹಾಕ್ಕೊಂತಿದ್ದಿಲ್ಲಾ? ಪಾಪ, ಏನ್ ಬಾಳೇವು ಮಾಡಿದ್ಲೋ.' ಹೋಳಿಗೆ ಮಾಡಿಸಿ ಎಡೆ ಇಟ್ಟಳು, ಪಕ್ಕದಲ್ಲಿ ಕರೀ ಕಾಫಿ ಇಟ್ಟಳು, ಮನಸ್ಸು ತಡೆಯದೆ ಒಂದು ಉಂಡೆ ಬೆಲ್ಲವನ್ನೂ ಇಟ್ಟಳು. ಕಾಗೆ ಹೋಳಿಗೆ ತಿಂದಿತು, ಬೆಲ್ಲ ಒಯ್ದಿತು, ಕಾಫಿ ಕಡೆ ನೋಡಲಿಲ್ಲ.

ಸಂಜೆ ಎಲ್ಲರೂ ಹೋದ ಮೇಲೆ ಊರಮ್ಮ ಮಗನನ್ನು ಕರೆದು ಅವನ ಬೋಳುತಲೆಯ ಮೇಲೆ ಕೈಯಾಡಿಸಿದಳು.

'ನೋಡು, ಆಗಿದ್ದು ಆತು. ಆದರ ಬೋಳುತಲಿ ಮಗನ ಕೈಲೆ ನಾ ಮಣ್ಣಾಗಾಕಿ ಅಲ್ಲ. ಇದು ಪೂರಾ ಬೆಳೆಯೋತನ ನಾ ಸಾಯಂಗಿಲ್ಲ. ಗಾದಿಗನೂರಾಕಿಗೂ ಹೇಳಿಬಿಡು.'

'ಆತವ್ವ,' ಅಂದ ಉಚ್ಚೆಂಗಪ್ಪ.

ಹದಿನೈದು ದಿನಕ್ಕೆ ತಲೆಯ ಮೇಲೆ ಸಣ್ಣಗೆ ಕರೀ ಕೂದಲು ಮೂಡಿತು. ಹದಿನಾರನೇ ದಿನ ಬೆಳಿಗ್ಗೆ ಅವನು ಹುಸೇನಪ್ಪನ ಕುರ್ಚಿಯಲ್ಲಿ ಹೋಗಿ ಕೂತ. 'ಮಿಷನ್ ಹಾಕು, ಪೂರಾ ಸಣ್ಣಗ,' ಅಂದ. ಹುಸೇನಪ್ಪ ಕನ್ನಡಿಯಲ್ಲಿ ಅವನ ಮುಖ ನೋಡಿದ. ಈ ಸಲ ರೇಡಿಯೋ ಬಂದ್ ಮಾಡಲಿಲ್ಲ.

ಆಮೇಲೆ ಹದಿನೈದು ದಿನಕ್ಕೊಮ್ಮೆ ಅದೇ ಆಯಿತು. ಊರು ಅವನಿಗೆ ಐವತ್ತೆಂಟು ಕಿಲೋ ಅಂತ ಹೊಸ ಹೆಸರು ಇಟ್ಟಿತು, ಅವನು ಓಗೊಟ್ಟ. ಮೂರು ವರ್ಷ ಹೀಗೇ ಕಳೆಯಿತು. ದಮ್ಮು ಜೋರಾದ ದಿನ ಊರಮ್ಮ ಮಗನನ್ನು ಹಾಸಿಗೆ ಹತ್ತಿರ ಕರೆಯುತ್ತಾಳೆ, ತಲೆಯ ಮೇಲೆ ಕೈಯಾಡಿಸುತ್ತಾಳೆ.

'ಇನ್ನಾ ಬೆಳದಿಲ್ಲಲ್ಲೋ?'

'ಇಲ್ಲವ್ವ. ವಯಸ್ಸಾತು ನೋಡು, ಜಲ್ದಿ ಬರವಲ್ದು.'

ಅವನ ಅಂಗಿಯ ಕೊರಳಿಗೆ ಅಂಟಿದ ಸಣ್ಣ ಕೂದಲನ್ನು ಊರಮ್ಮ ಎರಡು ಬೆರಳಲ್ಲಿ ಆರಿಸಿ ತೆಗೆಯುತ್ತಾಳೆ, ಏನೂ ಕಾಣದವಳ ಹಾಗೆ ಹಾಸಿಗೆಯಾಚೆ ಬಿಸಾಡುತ್ತಾಳೆ.

'ಹಂಗಾರ ನಾ ಇನ್ನೊಂದಷ್ಟು ದಿನ ಇರಬೇಕಾತು,' ಅನ್ನುತ್ತಾಳೆ.