ಮೀಸೆ ಅಳಿಸಿದ ಮುಖ

ನಾನು ಒಂದು ಬಟ್ಟೆಯ ಚೀಲ. ಎರಡು ಉದ್ದನೆಯ ಹಿಡಿಕೆಯ, ಹೆಗಲಿಗೆ ಇಳಿಬಿಟ್ಟುಕೊಳ್ಳುವ ಚೀಲ. ಹುಟ್ಟಿದ್ದು ಹುಬ್ಬಳ್ಳಿಯ ಒಂದು ತಗಡಿನ ಶೆಡ್ಡಿನಲ್ಲಿ. ಹುಟ್ಟಿದ ಗಳಿಗೆಯಲ್ಲೇ ನನಗೆ ವಾಕರಿಕೆ ಬಂತು ಅಂದರೆ ನೀವು ನಗುತ್ತೀರಿ. ನಗಿರಿ, ಬೇಡ ಅನ್ನುವುದಿಲ್ಲ. ಆದರೆ ಪೂರ್ತಿ ಕೇಳಿಸಿಕೊಂಡು ನಗಿರಿ.

ನನ್ನ ಮೈಮೇಲೆ ಒಂದು ಮುಖ ಇದೆ. ದೂರದ ಮೆಕ್ಸಿಕೋ ದೇಶದ ಒಬ್ಬ ಚಿತ್ರಗಾರ್ತಿಯದು. ಆಕೆ ತೀರಿಹೋಗಿ ಬಹಳ ಕಾಲವಾಯಿತು. ಬದುಕಿದ್ದಾಗ ತನ್ನ ಮುಖವನ್ನು ತಾನೇ ಮತ್ತೆ ಮತ್ತೆ ಬರೆದುಕೊಂಡಳಂತೆ. ಕೂಡಿದ ಹುಬ್ಬು, ಮೇಲ್ದುಟಿಯ ಮೇಲೆ ತೆಳ್ಳಗಿನ ಮೀಸೆ, ತಲೆಯ ತುಂಬ ಹೂವು, ಮೈಮೇಲೆ ತನ್ನ ನೆಲದ ಹೆಂಗಸರು ಉಡುವ ಬಟ್ಟೆ. ಇದ್ದದ್ದನ್ನು ಇದ್ದ ಹಾಗೆ ಬರೆದು, ಇದು ನಾನು ಅಂದಳು. ಅಷ್ಟು ಹೇಳುವುದಕ್ಕೆ ಎಂಥ ಎದೆ ಬೇಕು ಅನ್ನುವುದು ನನಗೆ ಆಮೇಲೆ ತಿಳಿಯಿತು.

ಶೆಡ್ಡಿನ ಮಾಲೀಕ ಪ್ರಲ್ಹಾದ ಆ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದ. ಅಚ್ಚು ಹಾಕುವ ದಾವಲ್ ಜಾಲರಿಯ ಚೌಕಟ್ಟು ಹಿಡಿದು ಕಾಯುತ್ತ ನಿಂತಿದ್ದ.

"ಮೀಸಿ ತಗಿಯೋ ದಾವಲ್. ಹೆಣ್ಮಗಳಿಗೆ ಮೀಸಿ ಇದ್ರ ಯಾರು ತಗೊಂತಾರ? ಮುಖಾನೂ ಒಂಚೂರು ಬೆಳ್ಳಗ ಮಾಡು."

ಹಾಗಾದರೆ ಹುಬ್ಬನ್ನೂ ಬಿಡಿಸಲೇ ಎಂದು ದಾವಲ್ ಕೇಳಿದ.

"ಹುಬ್ಬು ಇರ್ಲಿ. ಹುಬ್ಬು ತಗದ್ರ ಆಕಿ ಯಾರಂತನ ಗೊತ್ತಾಗಂಗಿಲ್ಲ."

ಅಂದರೆ ಆಕೆಯ ಗುರುತು ಸಿಗಬೇಕು, ಆಕೆ ಮಾತ್ರ ಆಕೆಯಾಗಿ ಇರಬಾರದು. ದಾವಲ್ ಮೀಸೆ ಅಳಿಸಿದ, ಜಾಲರಿಯನ್ನು ನನ್ನ ಮೇಲಿಟ್ಟು ರಬ್ಬರಿನ ಪಟ್ಟಿಯಿಂದ ಬಣ್ಣ ಎಳೆದ. ಆ ತಣ್ಣನೆಯ ಬಿಳಿ ನನ್ನ ನೂಲಿನೊಳಗೆ ಇಳಿಯಿತು. ಹೀಗೆ ಸುಳ್ಳು ಮುಖ ಹೊತ್ತು ನಾನು ಲೋಕಕ್ಕೆ ಬಂದೆ.

ನನ್ನನ್ನು ಮೊದಲು ಕೊಂಡವಳು ಧಾರವಾಡದ ಸುನೇತ್ರಾ ಮ್ಯಾಡಮ್. ಚಿತ್ರಪ್ರದರ್ಶನ ಏರ್ಪಡಿಸುವುದು ಆಕೆಯ ಕೆಲಸ. ಮಾತು ಬಲು ಚಂದ. ವೇದಿಕೆ ಹತ್ತಿದರೆ ಬೇರು, ಅಸ್ಮಿತೆ, ನಮ್ಮತನ ಎಂದು ಶುರುಮಾಡಿ, ನಡುವೆ ಒಮ್ಮೆ ನನ್ನನ್ನು ಎತ್ತಿ ಹಿಡಿದು, ಈ ತಾಯಿಯನ್ನು ನೋಡಿರಿ, ಇದ್ದ ಹಾಗೇ ಇರುವುದನ್ನು ಕಲಿಯಿರಿ ಎನ್ನುತ್ತಿದ್ದಳು. ಜನ ಚಪ್ಪಾಳೆ ಹೊಡೆಯುತ್ತಿದ್ದರು. ನನ್ನ ಹೊಟ್ಟೆಯೊಳಗೆ ಏನಿತ್ತು ಎಂದು ಅವರಿಗೇನು ಗೊತ್ತು? ಮೂಗು ಒರೆಸಿದ ಕಾಗದ, ಅರ್ಧ ಕಚ್ಚಿಟ್ಟ ಚಕ್ಕುಲಿ, ಮುಚ್ಚಳ ಕಳೆದ ತುಟಿಬಣ್ಣ, ಬಾಚಣಿಗೆಯ ಹಲ್ಲಿಗೆ ಸುತ್ತಿಕೊಂಡ ಕೂದಲು. ಎಲ್ಲವೂ ಬೆವರಿ ಒಂದಕ್ಕೊಂದು ಅಂಟಿಕೊಂಡಿರುತ್ತಿತ್ತು.

ಅದನ್ನೂ ತಡೆದುಕೊಂಡೇನು. ತಡೆಯಲಾಗದ್ದು ಬ್ಯೂಟಿ ಪಾರ್ಲರು. ಮ್ಯಾಡಮ್ ಕುರ್ಚಿಯಲ್ಲಿ ತಲೆ ಹಿಂದೆ ಚಾಚಿ ಮಲಗುವಳು, ನಾನು ಆಕೆಯ ತೊಡೆಯ ಮೇಲೆ. ಪಾರ್ಲರಿನ ವೀಣಾ ಹಲ್ಲಿನಲ್ಲಿ ದಾರ ಕಚ್ಚಿ ಹುಬ್ಬು ತೀಡುವಳು. ಕಿತ್ತ ಕೂದಲನ್ನು ಮ್ಯಾಡಮ್ ಕೈಯಿಂದ ಒರೆಸಿ ಕೆಳಗೆ ಕೊಡವಿದರೆ ಅದು ಬೀಳುತ್ತಿದ್ದದ್ದು ಎಲ್ಲಿಗೆ? ನನ್ನ ಮೇಲಿನ ಕೂಡಿದ ಹುಬ್ಬಿನ ಮೇಲೆಯೇ. ವೀಣಾ ಒಂದು ದಿನ ದಾರ ಬಿಟ್ಟು, "ನಿಮ್ಮ ಚೀಲದಾಕಿನ್ನೂ ಒಮ್ಮೆ ಕರ್ಕೊಂಡ್ ಬರ್ರಿ ಮ್ಯಾಡಮ್, ನಾನ ಫ್ರೀ ಮಾಡಿಕೊಡ್ತೀನಿ" ಅಂದಳು. ಇಬ್ಬರೂ ಬಹಳ ಹೊತ್ತು ನಕ್ಕರು. ವೀಣಾಳ ಮೇಲೆ ನನಗೆ ಸಿಟ್ಟಿಲ್ಲ, ಆಕೆ ವೇದಿಕೆ ಹತ್ತುವವಳಲ್ಲ.

ಒಮ್ಮೆ ಉಪ್ಪಿನಕಾಯಿಯ ಡಬ್ಬಿ ಸೋರಿ ನನ್ನ ತಳವೆಲ್ಲ ಎಣ್ಣೆಯಾಯಿತು. ಮ್ಯಾಡಮ್ ನನ್ನನ್ನು ಸತ್ತ ಇಲಿಯನ್ನು ಹಿಡಿದಂತೆ ಎರಡು ಬೆರಳಲ್ಲಿ ಹಿಡಿದು, ತನ್ನ ಚಿತ್ರಗಳನ್ನು ತೋರಿಸಲು ಬಂದಿದ್ದ ಒಬ್ಬ ಹುಡುಗಿಗೆ ಚಾಚಿದಳು. ಇದು ಬಹಳ ದೊಡ್ಡ ಕಲಾವಿದೆಯ ಚಿತ್ರ, ನಿನಗೆ ಸ್ಫೂರ್ತಿ ಸಿಗುತ್ತದೆ, ಒಗೆದುಕೊಂಡು ಬಳಸು ಎಂದಳು. ಬಿಸಾಡುವುದನ್ನು ಕೊಟ್ಟು ಉಡುಗೊರೆ ಅನ್ನಿಸಿಕೊಳ್ಳುವ ಜಾಣತನ ನಾನು ಕಂಡದ್ದು ಅಂದೇ.

ಆ ಹುಡುಗಿ ರೋಜಿನಾ ಸಿದ್ದಿ. ಹಳಿಯಾಳದ ಕಡೆಯ ಕಾಡಿನಂಚಿನ ಹಾಡಿಯವಳು, ಧಾರವಾಡದಲ್ಲಿ ಚಿತ್ರಕಲೆ ಕಲಿಯುತ್ತಿದ್ದಳು. ಸಿದ್ದಿ ಜನರ ಹಿರಿಯರನ್ನು ನೂರಾರು ವರ್ಷಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ಆಳುಗಳನ್ನಾಗಿ ತಂದರಂತೆ. ಆ ನೆಲವನ್ನು ರೋಜಿನಾ ಕಂಡವಳಲ್ಲ, ಅಲ್ಲಿಯ ಮಾತು ಅವರ ಮನೆಯಲ್ಲಿ ಯಾರ ಬಾಯಲ್ಲೂ ಉಳಿದಿಲ್ಲ. ಮನೆಯಲ್ಲಿ ಕೊಂಕಣಿ, ಸಂತೆಯಲ್ಲಿ ಕನ್ನಡ. ಕೂದಲು ಮಾತ್ರ ಗುಂಗುರು, ಬಣ್ಣ ಕಪ್ಪು. ಅಷ್ಟು ಸಾಕಾಗಿತ್ತು ಊರಿನವರಿಗೆ.

ಹುಬ್ಬಳ್ಳಿಯಲ್ಲಿ ಒಬ್ಬ ಆಟೋದವನು ಆಕೆಯನ್ನು ಕಂಡೊಡನೆ ಕೈಬಾಯಿ ಸನ್ನೆ ಮಾಡಿ ಹರಕು ಇಂಗ್ಲಿಷಿನಲ್ಲಿ ಎಲ್ಲಿಗೆ ಎಂದು ಕೇಳಿದ. ಬಸ್‌ಸ್ಟ್ಯಾಂಡಿಗೆ ಬಿಡ್ರಿ ಕಾಕಾ, ಮೀಟರ್ ಹಾಕ್ರಿ ಎಂದು ಈಕೆ ಹೇಳಿದಳು. ದಾರಿಯುದ್ದಕ್ಕೂ ಆತ ಕನ್ನಡಿಯಲ್ಲಿ ನೋಡುತ್ತಿದ್ದ. ಇಳಿಯುವಾಗ ಮೆಚ್ಚಿಕೊಂಡು ಅಂದ: "ಕನ್ನಡಾ ಭಾಳ ಚಲೋ ಕಲ್ತೀರಿ ಬಿಡ್ರಿ."

"ನೀವೂ ಚಲೋ ಕಲ್ತೀರಿ ಕಾಕಾ," ಎಂದಳು ರೋಜಿನಾ.

ನನಗೆ ಆ ಮನುಷ್ಯನ ನಗುವಿನ ಮೇಲೆ ಉಗುಳಬೇಕು ಅನಿಸಿತು. ಚೀಲಕ್ಕೆ ಉಗುಳು ಎಲ್ಲಿಯದು?

ರೋಜಿನಾ ನನ್ನನ್ನು ಸಾಬೂನು ಹಚ್ಚಿ ತಿಕ್ಕಿ ಒಗೆದು ಹಾಸ್ಟೆಲಿನ ಕಿಟಕಿಗೆ ಒಣಹಾಕಿದಳು. ಆ ಚಿತ್ರಗಾರ್ತಿಯ ಮೂಲ ಚಿತ್ರಗಳನ್ನು ಆಕೆ ಪುಸ್ತಕದಲ್ಲಿ ನೋಡಿದ್ದಳು. ಒಣಗಿದ ನನ್ನನ್ನು ಕೈಗೆತ್ತಿಕೊಂಡು ಹತ್ತಿರದಿಂದ ನೋಡಿ, "ಅಯ್ಯ, ನಿನ್ನ ಮೀಸಿ ಯಾರು ಬೋಳಿಸಿದ್ರು?" ಎಂದು ಕೇಳಿದಳು. ನನ್ನನ್ನು ಒಂದು ಮಾತು ಕೇಳಿದ ಮೊದಲ ಜೀವ ಅವಳು.

ಆ ದಿನಗಳಲ್ಲಿ ಆಕೆ ತನ್ನ ಮುಖವನ್ನೇ ಬರೆಯುತ್ತಿದ್ದಳು. ನನ್ನೊಳಗೆ ಹಿಡಿಸುವಷ್ಟು ಸಣ್ಣ ಕ್ಯಾನ್ವಾಸು. ಎಣ್ಣೆ ಹಚ್ಚಿ ಬಿಗಿದು ಕಟ್ಟಿದ ಕೂದಲು, ಮನೆಯಲ್ಲಿ ತೊಡುವ ನೀಲಿ ನೈಟಿ, ಕೈಯಲ್ಲಿ ಚಹಾದ ಸಾಸರು. ಹಿಂದೆ ಗೋಡೆಯಲ್ಲಿ ಅವ್ವ ಕಾತ್ರಿನಾ ಹೊಲಿದ ಕೌದಿ. ಸಿದ್ದಿ ಹೆಂಗಸರು ಹರಿದ ಸೀರೆ, ಅಂಗಿ, ಲಂಗದ ತುಂಡುಗಳನ್ನೆಲ್ಲ ಕೂಡಿಸಿ ಕೌದಿ ಹೊಲಿಯುತ್ತಾರೆ. ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಒಂದೊಂದು ಹೂವು ಇಡಲೇಬೇಕು. ಹೂವಿಲ್ಲದಿದ್ದರೆ ಆ ಕೌದಿ ಬತ್ತಲೆ ಎನ್ನುತ್ತಾರೆ. ಚಿತ್ರದಲ್ಲಿ ರೋಜಿನಾ ಆ ಮೂಲೆಯ ಹೂವುಗಳನ್ನು ತನ್ನ ಮುಖಕ್ಕಿಂತ ಹೆಚ್ಚು ಆಸ್ಥೆಯಿಂದ ಬರೆದಳು.

ಮಗಳು ಪೇಟೆಯಲ್ಲಿ ಏನು ಕಲಿಯುತ್ತಾಳೆ ಎಂದು ಹಾಡಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೇ ಮಾತು ಜಾಸ್ತಿ. ಸುನೇತ್ರಾ ಮ್ಯಾಡಮ್ ಏರ್ಪಡಿಸಿದ್ದ ಪ್ರದರ್ಶನಕ್ಕೆ ಕಾಲೇಜಿನವರು ಆ ಚಿತ್ರವನ್ನು ಆರಿಸಿದಾಗ ಕಾತ್ರಿನಾ ಮನೆಮನೆಗೆ ಹೋಗಿ, ನನ್ನ ಮಗಳ ಮುಖ, ನನ್ನ ಕೌದಿ, ಎರಡೂ ಧಾರವಾಡದ ದೊಡ್ಡ ಗೋಡೆಗೆ ತೂಗುಹಾಕ್ತಾರಂತ, ನಾನು ನೋಡಾಕ ಹೊಂಟೀನಿ ಎಂದು ಹೇಳಿ ಬಂದಳು. ಫೋನಿನಲ್ಲಿ ಅದನ್ನು ಮಗಳಿಗೆ ಎರಡೆರಡು ಸಲ ಹೇಳಿದಳು. ನಾನು ಗೂಟದಲ್ಲಿ ತೂಗುತ್ತ ಕೇಳಿಸಿಕೊಂಡೆ.

ಆದರೆ ಸುನೇತ್ರಾ ಮ್ಯಾಡಮ್‌ಗೆ ಚಿತ್ರ ಹಿಡಿಸಲಿಲ್ಲ. ಇದರಲ್ಲಿ ನಿನ್ನ ಬೇರು ಕಾಣುವುದಿಲ್ಲ, ಆಫ್ರಿಕಾ ಎಲ್ಲಿದೆ, ಮಣಿಸರ ಹಾಕು, ಎಲೆಯ ಉಡುಗೆ ಬರೆ, ಹಿಂದೆ ಕಾಡು ಬರಲಿ ಎಂದಳು.

ರೋಜಿನಾ ಮೆಲ್ಲಗೆ ಹೇಳಿದಳು: "ಎಲಿ ಉಟ್ಕೊಂಡು ನಮ್ಮವ್ವ ಸಂತಿಗೆ ಹೋಗಂಗಿಲ್ರಿ ಮ್ಯಾಡಮ್."

ಮ್ಯಾಡಮ್ ನಕ್ಕು, ಆಯಿತು, ಚೌಕಟ್ಟು ಹಾಕಿಸುತ್ತೇನೆ, ಇಟ್ಟುಹೋಗು ಎಂದಳು. ರೋಜಿನಾ ನಂಬಿ ಇಟ್ಟುಬಂದಳು. ಆ ನಗುವನ್ನು ನಾನು ಪಾರ್ಲರಿನಲ್ಲಿ ಕೇಳಿದ್ದೆ.

ಪ್ರದರ್ಶನದ ದಿನ ಸಭಾಂಗಣದ ತುಂಬ ಅತ್ತರಿನ ವಾಸನೆ. ಬಂದವರೆದುರು ಚಿತ್ರ ಬರೆದು ತೋರಿಸಲೆಂದು ರೋಜಿನಾಳನ್ನು ಒಂದು ಮೇಜಿಗೆ ಕೂರಿಸಿದ್ದರು. ಮೇಜಿನ ಮೇಲೆ ಬಣ್ಣ, ಕುಂಚ, ಟರ್ಪೆಂಟೈನ್ ಬಾಟಲಿ. ನಾನು ಕೆಳಗೆ ಆಕೆಯ ಕಾಲ ಹತ್ತಿರ. ಅಲ್ಲಿಂದ ನನಗೆ ಕಂಡದ್ದು ಬರೀ ಪಾಲಿಶ್ ಮಾಡಿದ ಬೂಟು, ಬಣ್ಣ ಹಚ್ಚಿದ ಕಾಲುಗುರು. ಅವುಗಳ ನಡುವೆ ಒಂದು ಜೋಡಿ ಹವಾಯಿ ಚಪ್ಪಲಿ, ಕಾಡಿನ ಕೆಂಪುಮಣ್ಣು ಅಂಟಿದ್ದು. ಕಾತ್ರಿನಾ ಬಂದಿದ್ದಳು.

ಚಿತ್ರಗಳಿಗೆ ಪರದೆ ಹಾಕಿದ್ದರು. ದೀಪ ಬೆಳಗಿ, ಭಾಷಣ ಮುಗಿಸಿ, ಮ್ಯಾಡಮ್ ಪರದೆ ಸರಿಸಿದಳು. ಜನ ಬದಿಗೆ ಸರಿದರು, ಗೋಡೆ ನನಗೂ ಕಂಡಿತು.

ರೋಜಿನಾಳ ಕಾಲು ನನ್ನ ಪಕ್ಕದಲ್ಲಿ ಕಲ್ಲಿನಂತೆ ಬಿಗಿದುಕೊಂಡಿತು. ಚಿತ್ರದಲ್ಲಿ ಸಾಸರು ಇರಲಿಲ್ಲ, ನೈಟಿ ಇರಲಿಲ್ಲ. ಕೊರಳ ತುಂಬ ಮಣಿ, ಎದೆಗೆ ಎಲೆ. ಕೌದಿ ಇದ್ದ ಕಡೆ ಹಸಿರು ಕಾಡು. ಮ್ಯಾಡಮ್ ತಾನೂ ಹಿಂದೆ ಚಿತ್ರ ಕಲಿತವಳು ಎಂದು ಆಗಾಗ ಹೇಳಿಕೊಳ್ಳುತ್ತಿದ್ದಳು. ಕಲಿತದ್ದನ್ನು ಇಲ್ಲಿ ಬಳಸಿದ್ದಳು. ಆದರೆ ಮುಖ ರೋಜಿನಾಳದೇ, ಗುರುತು ಸಿಗುವಷ್ಟು ಉಳಿಸಿದ್ದಳು. ಪ್ರಲ್ಹಾದನ ಶೆಡ್ಡು ನೆನಪಾಗಿ ನನ್ನ ಹೊಲಿಗೆಯೆಲ್ಲ ಕಿತ್ತು ಬರುವ ಹಾಗಾಯಿತು.

ಕಾತ್ರಿನಾ ಹತ್ತಿರ ಹೋಗಿ ನೋಡಿದಳು. ತಿರುಗಿ ಮಗಳನ್ನು ಹುಡುಕಿದಳು.

"ಇದ್ಯಾರ ರೋಜೀ? ನನ್ನ ಕೌದಿ ಎಲ್ಲೈತಿ?"

ರೋಜಿನಾ ಎದ್ದು ಹೋಗಿ ಚಿತ್ರವನ್ನು ಗೋಡೆಯಿಂದ ಇಳಿಸಿ ತಂದು ಮೇಜಿನ ಮೇಲಿಟ್ಟಳು. ಬೆರಳು ತಾಗಿಸಿ ನೋಡಿದಳು. ಮೇಲಿನ ಬಣ್ಣ ಇನ್ನೂ ಹಸಿಯಾಗಿತ್ತು, ತನ್ನದು ಎಂದೋ ಒಣಗಿತ್ತು. ಒರೆಸಲು ಬಟ್ಟೆ ಕಾಣಲಿಲ್ಲ. ಬಗ್ಗಿ ನನ್ನನ್ನು ಎತ್ತಿಕೊಂಡಳು, ನನ್ನ ಮೇಲೆ ಟರ್ಪೆಂಟೈನ್ ಸುರಿದಳು.

ಆ ಘಾಟು, ಆ ಉರಿ! ಆದರೂ ನಾನು ಒರೆಸಿದೆ. ಎಲೆಗಳು ಬಂದವು, ಮಣಿಗಳು ಬಂದವು, ಹಸಿರೆಲ್ಲ ಕೆಸರಾಗಿ ನನ್ನ ಬಿಳಿ ಮುಖಕ್ಕೆ ಮೆತ್ತಿಕೊಂಡಿತು. ಕೆಳಗಿನಿಂದ ಮೊದಲು ಸಾಸರು ಕಂಡಿತು. ಆಮೇಲೆ ನೀಲಿ ನೈಟಿ. ಆಮೇಲೆ ಕೌದಿಯ ಒಂದು ಮೂಲೆ, ಅದರ ಹೂವು.

ಈಗ ಹೇಳುತ್ತೇನೆ, ನನ್ನ ಬಾಳಿನಲ್ಲಿ ಎಲ್ಲಕ್ಕಿಂತ ಹೊಲಸು ಅನಿಸಿದ್ದು ಯಾವುದು ಅಂತ. ಸುತ್ತ ನಿಂತವರು ಇದೂ ಕಾರ್ಯಕ್ರಮ ಅಂದುಕೊಂಡರು. ಫೋನು ಎತ್ತಿ ವಿಡಿಯೋ ಮಾಡಿದರು. ಎಂಥಾ ಕಲ್ಪನಾ ರೀ, ಎಂದರು ಒಬ್ಬರು. ಮ್ಯಾಡಮ್ ಮೇಲೆತ್ತಿದ ಆ ಫೋನುಗಳನ್ನು ಒಮ್ಮೆ ನೋಡಿದಳು. ಆಮೇಲೆ ಮೈಕ್ ಹಿಡಿದು, ಹೇರಿದ್ದನ್ನು ಒರೆಸಿ ತನ್ನನ್ನು ತಾನು ಕಂಡುಕೊಳ್ಳುವ ಈ ಪ್ರಯೋಗವನ್ನು ನಾವಿಬ್ಬರೂ ಸೇರಿ ರೂಪಿಸಿದೆವು ಎಂದಳು. ಚಪ್ಪಾಳೆಯೋ ಚಪ್ಪಾಳೆ. ಉಪ್ಪಿನಕಾಯಿಯ ಎಣ್ಣೆ ಎಷ್ಟೋ ಶುಚಿ, ನಂಬಿರಿ.

ಕಾತ್ರಿನಾ ಮಾತ್ರ ಆ ಗದ್ದಲ ಕೇಳಿಸಿಕೊಂಡವಳಂತೆ ಕಾಣಲಿಲ್ಲ. ಚಿತ್ರದ ಮೇಲೆ ಬಗ್ಗಿ, ಮೂಲೆಮೂಲೆಯ ಹೂವನ್ನೂ ಬೆರಳಿನಿಂದ ಮುಟ್ಟಿ ನೋಡಿ ತಲೆಯಾಡಿಸಿದಳು.

"ಈಗ ನೀ ಆದಿ ನೋಡು. ನಡಿ, ಬಸ್ಸಿಗೆ ಹೊತ್ತಾತು."

ಚಿತ್ರವನ್ನು ಹಳೆಯ ಪೇಪರಿನಲ್ಲಿ ಸುತ್ತಿ ನನ್ನೊಳಗಿಟ್ಟರು. ಹಿಂದಿನಿಂದ ಮ್ಯಾಡಮ್ ಕರೆಯುತ್ತಿದ್ದಳು, ಮೊದಲು ಸಕ್ಕರೆಯಾಗಿ, ಆಮೇಲೆ ಸಿಟ್ಟಾಗಿ. ಇನ್ನು ನಿನ್ನ ಚಿತ್ರ ಯಾರು ತೂಗುಹಾಕುತ್ತಾರೋ ನೋಡುತ್ತೇನೆ ಎಂದದ್ದು ಬಾಗಿಲವರೆಗೂ ಕೇಳಿಸಿತು. ತಾಯಿ ಮಗಳು ತಿರುಗಿ ನೋಡಲಿಲ್ಲ. ಮ್ಯಾಡಮ್ ಹೇಳಿದ ಹಾಗೇ ಮಾಡಿದಳು ಕೂಡ, ಧಾರವಾಡದ ಯಾವ ಪ್ರದರ್ಶನಕ್ಕೂ ರೋಜಿನಾಳನ್ನು ಮತ್ತೆ ಕರೆಯಲಿಲ್ಲ. ಆ ಚಿತ್ರ ಕಾತ್ರಿನಾಳ ಮಣ್ಣಿನ ಗೋಡೆಯ ಮೇಲೆ, ಶಿಲುಬೆಯ ಪಕ್ಕ ತೂಗಿತು. ಹಾಡಿಯವರೆಲ್ಲ ಬಂದು ನೋಡಿದರು. ಸಾಸರಿನ ಚಹಾಕ್ಕೆ ಕೆನೆ ಕಟ್ಟಿದ್ದನ್ನೂ ಬರೆದಾಳ ನೋಡ್ರೆ ಎಂದು ಒಬ್ಬಳು ಮುದುಕಿ ಎಲ್ಲರನ್ನೂ ಕರೆದು ತೋರಿಸಿದಳು.

ನನ್ನನ್ನು ರೋಜಿನಾ ಎಷ್ಟು ಒಗೆದರೂ ಕಲೆ ಪೂರ್ತಿ ಹೋಗಲಿಲ್ಲ. ಆದರೆ ಉಜ್ಜಿ ಉಜ್ಜಿ ಆ ಬಿಳಿ ಬಣ್ಣ ಎದ್ದುಹೋಯಿತು. ಆಗ ಆಕೆ ಉಳಿದ ಕಂದು ಬಣ್ಣ ತಂದು ಮುಖಕ್ಕೆ ಹಚ್ಚಿದಳು. ಸಣ್ಣ ಕುಂಚದಿಂದ, ಉಸಿರು ಬಿಗಿಹಿಡಿದು, ಮೇಲ್ದುಟಿಯ ಮೇಲೆ ಒಂದೊಂದೇ ಕೂದಲು ಎಳೆದಳು. ನನ್ನ ಮೀಸೆ ನನಗೆ ಮರಳಿ ಬಂತು.

ಈಗ ನನಗೆ ವಯಸ್ಸಾಗಿದೆ. ಹಿಡಿಕೆಗಳು ಸವೆದು ಹರಿದಾಗ ಕಾತ್ರಿನಾ ನನ್ನನ್ನು ಬಿಚ್ಚಿ ಒಂದು ಹೊಸ ಕೌದಿಗೆ ಹೊಲಿದಳು. ಮುಖವನ್ನು ಕತ್ತರಿಸದೆ ಇಡಿಯಾಗಿ ಇಟ್ಟಳು. ಹಿಡಿಕೆಯ ಬಟ್ಟೆಯನ್ನು ಮಡಚಿ ಮೂಲೆಯ ನಾಲ್ಕು ಹೂವು ಮಾಡಿದಳು. ನನ್ನ ಒಂದು ಪಕ್ಕ ಯಾರದೋ ಶಾಲೆಯ ಅಂಗಿ, ಇನ್ನೊಂದು ಪಕ್ಕ ಆ ನೀಲಿ ನೈಟಿಯ ತುಂಡು. ನೀನು ಎಲ್ಲಿಯವಳು ಎಂದು ಇಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ.

ಮೇಲೆ ರೋಜಿನಾಳ ಅಣ್ಣನ ಕೂಸು ಮಲಗುತ್ತದೆ. ಜೊಲ್ಲು ಸುರಿಸುತ್ತದೆ, ಕುಡಿದ ಹಾಲು ಕಕ್ಕುತ್ತದೆ, ಬೆಳಗಾದರೆ ನನ್ನ ಮೂಗಿನ ಮೇಲೆಯೇ ಉಚ್ಚೆ ಹೊಯ್ದಿರುತ್ತದೆ. ನಿದ್ದೆ ಬರುವ ಮುಂಚೆ ಪುಟ್ಟ ಬೆರಳಿನಿಂದ ನನ್ನ ಮೀಸೆಯನ್ನು ಕೆರೆಯುವುದು ಅದಕ್ಕೆ ರೂಢಿ. ಎಲ್ಲದಕ್ಕೂ ಹೇಸಿಕೊಳ್ಳುವ ನನಗೆ ವಾಕರಿಕೆ ಬರಬೇಕಿತ್ತು.

ಬರುವುದಿಲ್ಲ.